ಬೂಸ್ಟಿಗೂ ವೈರಸ್ ಉಂಟು, ಆದರೆ ಬಾಟಲಿಯಲ್ಲಿ ಬಾರದು

ಹೋದ ವರ್ಷ ರಾಗಿ ತೆನೆ ಬರುವ ಹೊತ್ತಿಗೆ ಹಾಗಲವಾಡಿ ಸುತ್ತ ಸೋನೆ ಹಿಡಿಯಿತು. ನನ್ನ ಒಂದೂವರೆ ಎಕರೆಯಲ್ಲಿ ಕುತ್ತಿಗೆ ಕಪ್ಪಾಗಿ ಅರ್ಧಕ್ಕರ್ಧ ತೆನೆ ಜೊಳ್ಳಾಯಿತು. ಬೆಂಕಿರೋಗ. ಈ ಸಲ ಬಿತ್ತನೆಗೆ ಮೊದಲೇ ಒಬ್ಬರು ಬಾಟಲಿ ಹಿಡಿದು ಬಂದರು. "ಯಜಮಾನ್ರೇ, ಇದ್ರಾಗೆ ವೈರಸ್ ಐತೆ, ಹೊಡೆದ್ರೆ ಬೂಸ್ಟನ್ನೇ ತಿಂದಾಕ್ತೈತೆ" ಅಂದರು. ದುಡ್ಡು ಬಿಚ್ಚುವ ಮೊದಲು ಕೃಷಿ ಓದಿರುವ ಅಣ್ಣನ ಮಗಳನ್ನು ಕೇಳಿದೆ. ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆದಿದ್ದೇನೆ.

ಅಂಥ ವೈರಸ್ ಇರುವುದು ನಿಜ. 2010ರಲ್ಲಿ ಜಪಾನಿನ ವಿಜ್ಞಾನಿಗಳು ಭತ್ತದ ಬೆಂಕಿರೋಗದ ಶಿಲೀಂಧ್ರದಲ್ಲೇ ಒಂದನ್ನು ಕಂಡರು. ಅದು ಸೇರಿದ ಶಿಲೀಂಧ್ರ ಸೊರಗಿ ಬೆಳೆಯುತ್ತದೆ. ನಮ್ಮ ರಾಗಿಯ ಬೆಂಕಿರೋಗವೂ ಅದೇ ಕುಲದ್ದು.

ಆ ವೈರಸ್ ಒಂದು ಗುಂಡು. ಅಡ್ಡಳತೆ ಸುಮಾರು 35 ನ್ಯಾನೊಮೀಟರ್, ಅಂದರೆ ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರಿಗೆ 28 ಸಾವಿರ ಹಿಡಿಸುತ್ತವೆ. ಹೊರಗೆ ಪ್ರೋಟೀನಿನ ಚಿಪ್ಪು. ಪೆನಿಸಿಲಿನ್ ಕೊಡುವ ಬೂಸ್ಟಿನಲ್ಲಿರುವ ಇದರ ದಾಯಾದಿ ವೈರಸ್ಸಿನ ಚಿಪ್ಪಿಗೆ 60 ತುಂಡುಗಳ ಜೋಡಣೆ. ಒಳಗೆ ಎರಡೆಳೆ ಹುರಿಯಂಥ ಆರ್‌ಎನ್‌ಎ. ಇಂಥ ಜೋಡಿ ಎಳೆ ಕಂಡರೆ ಶಿಲೀಂಧ್ರ ಅದನ್ನು ಶತ್ರುವೆಂದು ಕತ್ತರಿಸುತ್ತದೆ. ಅದಕ್ಕೇ ಅದು ಚಿಪ್ಪು ಬಿಟ್ಟು ಬರುವುದಿಲ್ಲ. ಹಿರಿಯರ ರಾಗಿ ಹಗೇವು ನೆನೆಸಿಕೊಳ್ಳಿ, ದಾಸ್ತಾನು ಒಳಗೇ ಭದ್ರ. ನಕಲು ತೆಗೆಯುವ ಯಂತ್ರವೂ ಒಳಗೇ ಇದೆ. ಒಂಟಿ ಎಳೆಯ ನಕಲು ಮಾತ್ರ ಹೊರಗೆ ಹೋಗುತ್ತದೆ.

ಇಲ್ಲೇ ಇರುವುದು ತೊಡಕು. ಬ್ಯಾಕ್ಟೀರಿಯಾ ತಿನ್ನುವ ಕೆಲವು ವೈರಸ್ಸಿಗೆ ಚುಚ್ಚುವ ಬಾಲ ಇರುತ್ತದೆ. ಇದಕ್ಕೆ ಅಂಥದ್ದೇನೂ ಇಲ್ಲ. ಹೊರಗಿನಿಂದ ಶಿಲೀಂಧ್ರದ ಗಟ್ಟಿ ಗೋಡೆ ತೂರುವುದು ಇಂಥವುಗಳಿಗೆ ಸಾಮಾನ್ಯವಾಗಿ ಆಗದು. ಎರಡು ಶಿಲೀಂಧ್ರದ ಎಳೆ ಒಂದಕ್ಕೊಂದು ಬೆಸೆದಾಗ, ಇಲ್ಲವೇ ಬೀಜಕಣದ ಮೂಲಕ ದಾಟುತ್ತದೆ.

ಯುರೋಪಿನ ಚೆಸ್ಟ್‌ನಟ್ ಮರಗಳ ಕಾಂಡರೋಗ ಇಂಥ ಒಂದು ವೈರಸ್ಸಿನಿಂದ ತಗ್ಗಿತು. ಅದಕ್ಕೆ ಚಿಪ್ಪೂ ಇಲ್ಲ, ಕೊಬ್ಬಿನ ಚೀಲವೊಂದೇ. ಅಲ್ಲಿ ಬಳಸಿದ್ದು ಬರೀ ವೈರಸ್ ಅಲ್ಲ, ವೈರಸ್ ಹೊತ್ತ ಜೀವಂತ ಶಿಲೀಂಧ್ರವನ್ನೇ ಗಾಯದ ಸುತ್ತ ಹಚ್ಚಿದರು. ಅಮೆರಿಕದಲ್ಲಿ ಒಂದಕ್ಕೊಂದು ಬೆಸೆಯದ ಶಿಲೀಂಧ್ರ ಬಗೆಗಳೇ ಹೆಚ್ಚಾಗಿ, ಅದೇ ಉಪಾಯ ಅಷ್ಟಾಗಿ ಫಲಿಸಲಿಲ್ಲ. ಹೊರಗಿನಿಂದಲೇ ನುಗ್ಗಬಲ್ಲ ಒಂದು ವೈರಸ್ 2010ರಲ್ಲಿ ಚೀನಾದಲ್ಲಿ ಸಿಕ್ಕಿದೆ. ಆದರೆ ಅದು ಸಾಸಿವೆ ಜಾತಿಯ ಬೆಳೆ ಕೊಳೆಸುವ ಶಿಲೀಂಧ್ರದ್ದು, ರಾಗಿಯದಲ್ಲ.

ಟ್ರೈಕೋಡರ್ಮಾ ಮಾತು ಬೇರೆ. ಅದು ತಾನೇ ಬೆಳೆಯುವ ಶಿಲೀಂಧ್ರ.

ಬಾಟಲಿಯವರು ಮತ್ತೆ ಬಂದಾಗ ಕೇಳಿದೆ: "ಸ್ವಾಮಿ, ಈ ವೈರಸ್ ಬೂಸ್ಟಿನ ಒಳಕ್ಕೆ ಯಾವ ಬಾಗಿಲಲ್ಲಿ ಹೋಗ್ತದೆ?" ಉತ್ತರ ಬರಲಿಲ್ಲ. ನಾನು ಆ ದುಡ್ಡಿಗೆ ಬೆಂಕಿರೋಗ ತಡೆಯುವ ತಳಿ ಜಿಪಿಯು-28ರ ಬೀಜ ತಂದು ಉಪಚರಿಸಿ ಬಿತ್ತಿದೆ, ಯೂರಿಯಾ ಕಡಿಮೆ ಮಾಡಿದೆ. ನಿಮ್ಮ ಮನೆಗೂ ಅಂಥವರು ಬಂದರೆ ಇದೊಂದು ಪ್ರಶ್ನೆ ಕೇಳಿ ನೋಡಿ.