ದೂರದ ಹಕ್ಕಿ, ಹತ್ತಿರದ ಚಿತ್ರ

ಶ್ರೀರಂಗಪಟ್ಟಣದ ಸಮೀಪದಲ್ಲಿ, ಕಾವೇರಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿ ಗೂಡು ಕಟ್ಟಿದ ಕೊಕ್ಕರೆಗಳ ಬಳಿಗೆ ಛಾಯಾಗ್ರಾಹಕನು ತೀರ ಹತ್ತಿರ ಹೋದರೆ ತಾಯಿಹಕ್ಕಿ ಬೆದರಿ ಹಾರಿಹೋಗುತ್ತದೆ. ಮರಿಗಳು ಬಿಸಿಲಿಗೂ ಕಾಗೆ ಹದ್ದುಗಳಿಗೂ ಈಡಾಗುತ್ತವೆ. ಆದುದರಿಂದ ದೂರದಿಂದಲೇ ಚಿತ್ರ ತೆಗೆಯಬಲ್ಲ ಟೆಲಿಫೋಟೋ ಮಸೂರವು ಅವಶ್ಯಕ.

ಮಸೂರದ ಸಂಗಮದೂರ ಹೆಚ್ಚಿದಂತೆ ಬಿಂಬವೂ ದೊಡ್ಡದಾಗುತ್ತದೆ. 50 ಮಿಲಿಮೀಟರಿನ ಮಸೂರಕ್ಕಿಂತ 400 ಮಿಲಿಮೀಟರಿನದು ಅದೇ ದೂರದಿಂದ ಸುಮಾರು 8 ಪಟ್ಟು ದೊಡ್ಡ ಬಿಂಬವನ್ನು ಮೂಡಿಸುತ್ತದೆ. ಆದರೆ ಬಿಂಬದೊಡನೆ ಕೈನಡುಕವೂ ಅಷ್ಟೇ ಹಿಗ್ಗುತ್ತದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರು ಸೆಕೆಂಡಿನ 400ರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕಾಲ ತೆರೆದಿರಬಾರದೆಂಬುದು ರೂಢಿಯ ನಿಯಮ. ಹಾರುವ ಹಕ್ಕಿಗೆ 2000ದಲ್ಲಿ ಒಂದು ಭಾಗ ಬೇಕಾದೀತು. ಇಷ್ಟು ಅಲ್ಪ ಕಾಲದಲ್ಲಿ ಸಾಕಷ್ಟು ಬೆಳಕು ಒಳಬರಲು ಮಸೂರದ ಬಾಯಿ ಅಗಲವಾಗಿರಬೇಕು. ಬಾಯಿ ಅಗಲವಾದಂತೆ ಭಾರವೂ ಬೆಲೆಯೂ ಏರುತ್ತವೆ.

ತೂಗಾಡುವ ದೋಣಿಯಲ್ಲಿ ಕ್ಯಾಮೆರಾದ ಮುಕ್ಕಾಲಿಯು ಸ್ಥಿರವಾಗಿ ನಿಲ್ಲದು. ಹಕ್ಕಿಯ ದೂರವೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಅಲ್ಲಿಗೆ ಸಂಗಮದೂರವನ್ನು 100ರಿಂದ 400 ಮಿಲಿಮೀಟರಿನವರೆಗೆ ಬದಲಿಸಬಲ್ಲ, ಕೈಯಲ್ಲಿಯೇ ಹಿಡಿಯಬಹುದಾದ ಜೂಮ್ ಮಸೂರವೇ ಯೋಗ್ಯ. ಮಬ್ಬುಬೆಳಕಿನಲ್ಲಿ ಅದು ಸೋಲಬಹುದು. ಆಗ ಚಿತ್ರವನ್ನು ಬಿಡಬೇಕೇ ಹೊರತು ದೋಣಿಯನ್ನು ಗೂಡಿನತ್ತ ನಡೆಸಬಾರದು.