ವಿದೇಶದಲ್ಲಿ ವಿವಾಹ ಮತ್ತು ಅದರ ನೋಂದಣಿ

ಉದ್ಯೋಗ ಹಾಗೂ ವ್ಯಾಸಂಗದ ನಿಮಿತ್ತ ಹೊರದೇಶಗಳಿಗೆ ತೆರಳಿದ ಭಾರತೀಯರಲ್ಲಿ ಅನೇಕರು ಅಲ್ಲಿಯೇ ವಿವಾಹವಾಗುತ್ತಾರೆ. ಸಂಗಾತಿಯು ಕೆಲವೊಮ್ಮೆ ಭಾರತೀಯರೇ ಆಗಿರಬಹುದು, ಕೆಲವೊಮ್ಮೆ ಆ ದೇಶದ ಪ್ರಜೆಯಾಗಿರಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಇದು ಹೊಸ ಸಂಗತಿಯಲ್ಲ. ಆದರೆ ಮುಹೂರ್ತ, ಛತ್ರ, ಊಟೋಪಚಾರಗಳ ವಿಷಯದಲ್ಲಿ ವಹಿಸುವ ಎಚ್ಚರವನ್ನು ಕಾನೂನಿನ ವಿಷಯದಲ್ಲಿ ವಹಿಸದಿದ್ದಲ್ಲಿ, ಮುಂದೆ ವೀಸಾ, ಜೀವನಾಂಶ, ವಾರಸಾ ಹಕ್ಕು ಇವುಗಳ ಪ್ರಶ್ನೆ ಬಂದಾಗ ವಿವಾಹವನ್ನು ರುಜುವಾತುಪಡಿಸುವುದೇ ಕಷ್ಟವಾಗುತ್ತದೆ. ಈ ತೊಂದರೆಗೆ ಹೆಚ್ಚಾಗಿ ಗುರಿಯಾಗುವವರು ಹೆಣ್ಣುಮಕ್ಕಳು.

ಇಲ್ಲಿ ಮೊದಲು ಅರಿಯಬೇಕಾದ ಸಂಗತಿಯೊಂದಿದೆ. ಸ್ವದೇಶದಲ್ಲಿ ಪ್ರಜೆಯಾಗಿರುವ ವ್ಯಕ್ತಿಯು ಗಡಿ ದಾಟಿದೊಡನೆ ವಿದೇಶೀಯನಾಗುತ್ತಾನೆ. ಆದುದರಿಂದ ಅವನ ಅಥವಾ ಅವಳ ವಿವಾಹವು ಎರಡು ಕಾನೂನುಗಳಿಗೆ ಒಳಪಡುತ್ತದೆ. ವಿವಾಹವು ಯಾವ ವಿಧಿಯಲ್ಲಿ, ಯಾರ ಸಮ್ಮುಖದಲ್ಲಿ ನಡೆಯಬೇಕು ಎಂಬುದನ್ನು ಸಾಮಾನ್ಯವಾಗಿ ವಿವಾಹ ನಡೆಯುವ ದೇಶದ ಕಾನೂನು ನಿರ್ಧರಿಸುತ್ತದೆ. ಭಾರತೀಯ ಪ್ರಜೆಗೆ ವಿವಾಹವಾಗುವ ಅರ್ಹತೆಯಿದೆಯೇ, ಆ ವಿವಾಹವನ್ನು ಭಾರತೀಯ ಅಧಿಕಾರಿಯು ನೋಂದಾಯಿಸಬಹುದೇ ಎಂಬ ವಿಷಯದಲ್ಲಿ ಭಾರತದ ಕಾನೂನನ್ನು ನೋಡಬೇಕಾಗುತ್ತದೆ. ಒಂದನ್ನು ಪಾಲಿಸಿದ ಮಾತ್ರಕ್ಕೆ ಮತ್ತೊಂದನ್ನು ಪಾಲಿಸಿದಂತಾಗುವುದಿಲ್ಲ.

ವಿವಾಹ ನಡೆಯುವ ದೇಶದ ಕಾನೂನು

ಮುಂಬಯಿಯ ಮಾಟುಂಗಾದ ಕನ್ನಡ ಕುಟುಂಬವೊಂದರ ಯುವತಿಯು ಲಂಡನ್ನಿನಲ್ಲಿ ಉದ್ಯೋಗದಲ್ಲಿದ್ದು, ಬ್ರಿಟಿಷ್ ಪ್ರಜೆಯೊಬ್ಬನನ್ನು ಅಲ್ಲಿಯೇ ವಿವಾಹವಾಗಲು ನಿಶ್ಚಯಿಸಿದ್ದಾಳೆ ಎಂದು ಭಾವಿಸೋಣ. ಇಂಗ್ಲೆಂಡಿನ ಕಾನೂನಿನ ಪ್ರಕಾರ ವಧೂವರರಿಬ್ಬರೂ ಇದಕ್ಕಾಗಿ ಗೊತ್ತುಪಡಿಸಿದ ನೋಂದಣಿ ಕಚೇರಿಗೆ ಖುದ್ದಾಗಿ ಹೋಗಿ ವಿವಾಹದ ಸೂಚನೆ ನೀಡಬೇಕು. ಅದಕ್ಕೆ ಮುನ್ನ ಆ ನೋಂದಣಿ ವಲಯದಲ್ಲಿ ಕನಿಷ್ಠ 7 ದಿನ ವಾಸವಾಗಿರಬೇಕು. ಪಾಸ್‌ಪೋರ್ಟ್, ವಿಳಾಸದ ಪುರಾವೆ, ವಲಸೆ ಸ್ಥಿತಿಯನ್ನು ತೋರಿಸುವ ದಾಖಲೆ ಹಾಗೂ ಹಿಂದೆ ವಿವಾಹವಾಗಿದ್ದಲ್ಲಿ ವಿಚ್ಛೇದನದ ಆಜ್ಞೆ ಅಥವಾ ಮರಣ ಪ್ರಮಾಣಪತ್ರವನ್ನು ಹಾಜರುಪಡಿಸಬೇಕು. ಸೂಚನೆಯ ಅವಧಿ 28 ದಿನಗಳು. ವಿದೇಶೀಯರ ವಿಷಯದಲ್ಲಿ ವಲಸೆ ಸ್ಥಿತಿಯ ಪರಿಶೀಲನೆ ಅಗತ್ಯವೆಂದು ಕಂಡುಬಂದರೆ ಈ ಅವಧಿಯನ್ನು 70 ದಿನಗಳವರೆಗೆ ವಿಸ್ತರಿಸಲು ಅವಕಾಶವಿದೆ. ಆದುದರಿಂದ ಲಗ್ನದ ದಿನವನ್ನು ಗೊತ್ತುಪಡಿಸುವ ಮೊದಲು ಈ ದಿನಗಳನ್ನು ಲೆಕ್ಕ ಹಾಕಿಕೊಳ್ಳಬೇಕು.

ವೀಸಾದ ಬಗೆಗೂ ಎಚ್ಚರ ಅಗತ್ಯ. ವಿವಾಹಕ್ಕೆಂದೇ ಇಂಗ್ಲೆಂಡಿಗೆ ಹೋಗಿ ಹಿಂದಿರುಗುವವರಿಗೆ ಪ್ರತ್ಯೇಕವಾದ ವಿವಾಹ ಸಂದರ್ಶಕ ವೀಸಾ ಇದೆ. ಸಾಮಾನ್ಯ ಸಂದರ್ಶಕ ವೀಸಾದ ಮೇಲೆ ಹೋದವರು ಅಲ್ಲಿ ವಿವಾಹವಾಗುವಂತಿಲ್ಲ.

ಇಂಗ್ಲೆಂಡಿನಲ್ಲಿ ಧಾರ್ಮಿಕ ವಿಧಿಯೊಂದರಿಂದಲೇ ವಿವಾಹವು ಸಿದ್ಧಿಸುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಭಾರತದಲ್ಲಿ ಹಿಂದೂ ವಿವಾಹ ಅಧಿನಿಯಮದ ಮೇರೆಗೆ ವಿಧ್ಯುಕ್ತ ಸಂಸ್ಕಾರವೇ ವಿವಾಹದ ಜೀವಾಳ. ಸಂಸ್ಕಾರವೇ ನಡೆಯದೆ ಬರಿಯ ನೋಂದಣಿಯಿಂದ ಹಿಂದೂ ವಿವಾಹ ಆಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಸ್ಪಷ್ಟಪಡಿಸಿದೆ. ಇಂಗ್ಲೆಂಡಿನಲ್ಲಿ ಸ್ಥಿತಿ ಬೇರೆ. ಅಲ್ಲಿ ಸೂಚನೆ ನೀಡದೆ, ವಿವಾಹಕ್ಕಾಗಿ ನೋಂದಣಿಯಾಗದ ಸಭಾಂಗಣದಲ್ಲಿಯೋ ಮನೆಯಲ್ಲಿಯೋ ಮಾಂಗಲ್ಯಧಾರಣೆ, ಸಪ್ತಪದಿ ನಡೆಸಿದರೆ ಅಲ್ಲಿನ ಕಾನೂನಿನ ದೃಷ್ಟಿಯಲ್ಲಿ ಅದು ವಿವಾಹವೇ ಅಲ್ಲ. 1998ರಲ್ಲಿ ಲಂಡನ್ನಿನ ಉಪಾಹಾರ ಗೃಹವೊಂದರಲ್ಲಿ ನಿಕಾಹ್ ಮಾಡಿಕೊಂಡು, ಸುಮಾರು ಹದಿನೆಂಟು ವರ್ಷ ಸಂಸಾರ ನಡೆಸಿ, ನಾಲ್ಕು ಮಕ್ಕಳನ್ನು ಪಡೆದ ದಂಪತಿಗಳ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು 2020ರ ಫೆಬ್ರವರಿಯಲ್ಲಿ ಈ ತತ್ತ್ವವನ್ನೇ ಎತ್ತಿಹಿಡಿಯಿತು. ಅಲ್ಲಿನ ಕಾನೂನಿನಂತೆ ವಿವಾಹವೇ ಆಗದಿದ್ದುದರಿಂದ ಅದನ್ನು ಅನೂರ್ಜಿತ ವಿವಾಹವೆಂದು ಕೂಡ ಘೋಷಿಸಲಾಗದೆಂದು ನ್ಯಾಯಾಲಯವು ಹೇಳಿತು. ಇಂಥ ಸಂದರ್ಭದಲ್ಲಿ ವಿಚ್ಛೇದನದ ಜೊತೆಗೆ ಪತ್ನಿಗೆ ದೊರೆಯಬಹುದಾದ ಆರ್ಥಿಕ ಪರಿಹಾರಗಳ ದಾರಿಯೂ ಮುಚ್ಚುತ್ತದೆ. ಮೊದಲು ಕಾನೂನುಬದ್ಧ ವಿವಾಹವನ್ನು ನೋಂದಣಿ ಕಚೇರಿಯಲ್ಲಿ ಮುಗಿಸಿ, ಬಳಿಕ ಶಾಸ್ತ್ರೋಕ್ತ ಸಮಾರಂಭ ನಡೆಸುವುದು ಕ್ಷೇಮಕರ.

ಇತರ ದೇಶಗಳ ಪದ್ಧತಿಗಳು ಭಿನ್ನವಾಗಿವೆ. ಜರ್ಮನಿಯಲ್ಲಿ ಪೌರ ನೋಂದಣಿ ಕಚೇರಿಯಲ್ಲಿ ನಡೆದ ವಿವಾಹಕ್ಕೆ ಮಾತ್ರ ಕಾನೂನಿನ ಮಾನ್ಯತೆಯಿದೆ. ವಿವಾಹಕ್ಕೆ ಅಡ್ಡಿಯಿಲ್ಲವೆಂದು ಸ್ವದೇಶದಿಂದ ಪ್ರಮಾಣಪತ್ರ ತರುವಂತೆ ವಿದೇಶೀಯರನ್ನು ಅಲ್ಲಿ ಕೇಳುತ್ತಾರೆ. ಅಂಥ ಪತ್ರ ದೊರೆಯದ ದೇಶಗಳ ಪ್ರಜೆಗಳು ಪ್ರಾಂತೀಯ ಉಚ್ಚ ನ್ಯಾಯಾಲಯದ ಅಧ್ಯಕ್ಷರಿಂದ ವಿನಾಯಿತಿ ಪಡೆಯಬೇಕು. ಈ ವಿನಾಯಿತಿಯು 6 ತಿಂಗಳು ಮಾತ್ರ ಊರ್ಜಿತದಲ್ಲಿರುತ್ತದೆ. ಜಪಾನಿನಲ್ಲಿ ಸಮಾರಂಭಕ್ಕೆ ಕಾನೂನಿನ ಮಹತ್ವವಿಲ್ಲ. ಇಬ್ಬರು ವಯಸ್ಕ ಸಾಕ್ಷಿಗಳ ಸಹಿಯೊಡನೆ ನಗರಾಡಳಿತ ಕಚೇರಿಗೆ ಸಲ್ಲಿಸಿ ಅಂಗೀಕೃತವಾಗುವ ವಿವಾಹ ಪತ್ರದಿಂದಲೇ ಅಲ್ಲಿ ವಿವಾಹವಾಗುತ್ತದೆ.

ವಿದೇಶೀ ವಿವಾಹ ಅಧಿನಿಯಮ, 1969

ಹೊರದೇಶಗಳಲ್ಲಿ ಭಾರತೀಯರ ವಿವಾಹಗಳಿಗಾಗಿ ಸಂಸತ್ತು 1969ರಲ್ಲಿ ಈ ಅಧಿನಿಯಮವನ್ನು ರಚಿಸಿತು. ರಾಯಭಾರ ಕಚೇರಿ, ಹೈಕಮಿಷನ್ ಮತ್ತು ಕಾನ್ಸುಲೇಟ್‌ಗಳಲ್ಲಿ ನೇಮಕಗೊಂಡ ವಿವಾಹಾಧಿಕಾರಿಗಳು ಇದರ ಮೇರೆಗೆ ಎರಡು ಬಗೆಯ ಕಾರ್ಯಗಳನ್ನು ನಿರ್ವಹಿಸುತ್ತಾರೆ: ತಮ್ಮ ಸಮ್ಮುಖದಲ್ಲಿಯೇ ವಿವಾಹ ನೆರವೇರಿಸುವುದು ಮತ್ತು ಸ್ಥಳೀಯ ಕಾನೂನಿನಂತೆ ಈಗಾಗಲೇ ನಡೆದ ವಿವಾಹವನ್ನು ನೋಂದಾಯಿಸುವುದು.

ಮೊದಲನೆಯ ಬಗೆಯಲ್ಲಿ, ವಧೂವರರಲ್ಲಿ ಒಬ್ಬರಾದರೂ ಆ ವಿವಾಹಾಧಿಕಾರಿಯ ವ್ಯಾಪ್ತಿಯಲ್ಲಿ 30 ದಿನ ವಾಸವಾಗಿದ್ದು ಲಿಖಿತ ಸೂಚನೆ ನೀಡಬೇಕು. ಸೂಚನೆಯನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿಯೂ, ನಿಯಮಗಳು ವಿಧಿಸಿದ ರೀತಿಯಲ್ಲಿ ಭಾರತದಲ್ಲಿಯೂ, ವಧೂವರರು ಸಾಮಾನ್ಯವಾಗಿ ವಾಸವಾಗಿರುವ ದೇಶದಲ್ಲಿಯೂ ಪ್ರಕಟಿಸಲಾಗುತ್ತದೆ. 30 ದಿನಗಳೊಳಗೆ ಸಕಾರಣವಾದ ಆಕ್ಷೇಪಣೆ ಬಾರದಿದ್ದರೆ, ಮೂವರು ಸಾಕ್ಷಿಗಳ ಸಮ್ಮುಖದಲ್ಲಿ ವಿವಾಹವನ್ನು ನೆರವೇರಿಸಬಹುದು. ಸೂಚನೆ ನೀಡಿ 6 ತಿಂಗಳೊಳಗೆ ವಿವಾಹ ನಡೆಯದಿದ್ದಲ್ಲಿ ಹೊಸ ಸೂಚನೆ ಬೇಕಾಗುತ್ತದೆ.

ಎರಡನೆಯ ಬಗೆಯು ಅಧಿನಿಯಮದ 17ನೆಯ ಪ್ರಕರಣದಲ್ಲಿದೆ. ಮೇಲೆ ಹೇಳಿದ ಯುವತಿಗೆ ಉಪಯೋಗವಾಗುವುದು ಇದೇ. ವಿವಾಹವು ಇಂಗ್ಲೆಂಡಿನ ಕಾನೂನಿನಂತೆ ವಿಧಿವತ್ತಾಗಿ ನಡೆದಿದೆ ಮತ್ತು ಆಗ ದಂಪತಿಗಳಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿದ್ದರು ಎಂದು ವಿವಾಹಾಧಿಕಾರಿಗೆ ಮನವರಿಕೆಯಾದರೆ, ಲಿಖಿತ ಕೋರಿಕೆ ಮತ್ತು ನಿಗದಿತ ಶುಲ್ಕದ ಮೇಲೆ ಅವರು ಅದನ್ನು ನೋಂದಾಯಿಸಬಹುದು. ಇಂಗ್ಲೆಂಡಿನಲ್ಲಿ ವಿವಾಹಕ್ಕೆ ಇಬ್ಬರು ಸಾಕ್ಷಿಗಳು ಸಾಕು. ಭಾರತೀಯ ನೋಂದಣಿ ಪುಸ್ತಕದಲ್ಲಿ ಮೂವರ ಸಹಿ ಬೇಕು. ನೋಂದಣಿಯನ್ನು ನಿರಾಕರಿಸಿದಲ್ಲಿ 30 ದಿನಗಳೊಳಗೆ ಕೇಂದ್ರ ಸರ್ಕಾರಕ್ಕೆ ಅಪೀಲು ಸಲ್ಲಿಸಬಹುದು. ನೋಂದಣಿಯಾದ ದಿನದಿಂದ ಆ ವಿವಾಹವು ಈ ಅಧಿನಿಯಮದ ಮೇರೆಗೇ ನಡೆದುದೆಂದು ಪರಿಗಣಿತವಾಗುತ್ತದೆ.

ನೋಂದಾಯಿಸದಿದ್ದ ಮಾತ್ರಕ್ಕೆ ವಿವಾಹವು ಅಸಿಂಧುವಾಗುವುದಿಲ್ಲ. ಬೇರೆ ವಿಧದಲ್ಲಿ ವಿದೇಶದಲ್ಲಿ ನಡೆದ ವಿವಾಹದ ಸಿಂಧುತ್ವಕ್ಕೆ ಈ ಅಧಿನಿಯಮದಿಂದ ಬಾಧೆಯಿಲ್ಲವೆಂದು ಅದರಲ್ಲಿಯೇ ಹೇಳಿದೆ. ನೋಂದಣಿಯಿಂದ ದೊರೆಯುವುದು ಸುಲಭವಾಗಿ ಅಲ್ಲಗಳೆಯಲಾಗದ ಪುರಾವೆ.

ಅಧಿನಿಯಮದ ಷರತ್ತುಗಳು

ವಧೂವರರಲ್ಲಿ ಯಾರಿಗೂ ಜೀವಂತ ಪತಿ ಅಥವಾ ಪತ್ನಿ ಇರಕೂಡದು, ಇಬ್ಬರೂ ಸ್ವಸ್ಥಚಿತ್ತರಾಗಿರಬೇಕು, ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು, ಇಬ್ಬರೂ ನಿಷಿದ್ಧ ಬಂಧುತ್ವದ ಪರಿಮಿತಿಯೊಳಗೆ ಇರಬಾರದು. ನೋಂದಣಿಯ ಸಮಯದಲ್ಲಿ ಈ ಷರತ್ತುಗಳು ಈಡೇರಿರಬೇಕು.

ವಯಸ್ಸಿನ ವಿಷಯದಲ್ಲಿ ಎರಡು ದೇಶಗಳ ಕಾನೂನುಗಳು ಒಂದೇ ಆಗಿರುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2023ರ ಫೆಬ್ರವರಿಯಿಂದ ವಿವಾಹದ ಕನಿಷ್ಠ ವಯಸ್ಸು ಇಬ್ಬರಿಗೂ 18. ಅಲ್ಲಿ 19 ವರ್ಷದ ಭಾರತೀಯ ಯುವಕನು ಸ್ಥಳೀಯ ಕಾನೂನಿನಂತೆ ವಿವಾಹವಾದರೂ, 21 ತುಂಬುವವರೆಗೆ ಭಾರತೀಯ ವಿವಾಹಾಧಿಕಾರಿಯು ಅದನ್ನು ನೋಂದಾಯಿಸುವಂತಿಲ್ಲ.

ಬಂಧುತ್ವದ ವಿಷಯವು ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದುದು. ಸೋದರಮಾವನು ಅಕ್ಕನ ಮಗಳನ್ನು ವರಿಸುವುದು, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮ ಅನೇಕ ಸಮುದಾಯಗಳಲ್ಲಿ ರೂಢಿಯಲ್ಲಿದೆ. ಪಕ್ಷಗಳಲ್ಲಿ ಒಬ್ಬರಿಗಾದರೂ ಅನ್ವಯಿಸುವ ವೈಯಕ್ತಿಕ ಕಾನೂನು ಅಥವಾ ರೂಢಿಯು ಅನುಮತಿಸಿದಲ್ಲಿ ಅಂಥ ವಿವಾಹವನ್ನು 1969ರ ಅಧಿನಿಯಮವೂ ಒಪ್ಪುತ್ತದೆ. ಆದರೆ ವಿವಾಹ ನಡೆಯುವ ದೇಶದ ಕಾನೂನು ಅದನ್ನು ನಿಷೇಧಿಸಿದ್ದರೆ, ವಿವಾಹಾಧಿಕಾರಿಯು ಅದನ್ನು ನೆರವೇರಿಸಲು ನಿರಾಕರಿಸಬಹುದು. ಇಂಗ್ಲೆಂಡಿನಲ್ಲಿ ಅತ್ತೆಯ ಮಗ, ಮಾವನ ಮಗಳ ನಡುವಣ ವಿವಾಹಕ್ಕೆ ಅಡ್ಡಿಯಿಲ್ಲ. ಸೋದರಮಾವ ಮತ್ತು ಸೋದರಿಯ ಮಗಳ ನಡುವಣ ವಿವಾಹ ನಿಷಿದ್ಧ. ಇಂಥ ಸಂಬಂಧ ನಿಶ್ಚಯಿಸಿದವರು ಎಲ್ಲಿ ವಿವಾಹವಾಗಬೇಕೆಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಪೌರತ್ವವನ್ನು ಅರಿಯುವುದು

ಭಾರತೀಯ ಮೂಲದವರಾಗಿರುವುದೂ ಭಾರತೀಯ ಪ್ರಜೆಯಾಗಿರುವುದೂ ಒಂದೇ ಅಲ್ಲ. ಬೇರೆ ದೇಶದ ಪೌರತ್ವ ಪಡೆದು ಓಸಿಐ ಕಾರ್ಡ್ ಹೊಂದಿರುವವರು ಕಾನೂನಿನ ದೃಷ್ಟಿಯಲ್ಲಿ ವಿದೇಶೀ ಪ್ರಜೆಗಳು. ಹೊರದೇಶದಲ್ಲಿ ವಿವಾಹವಾಗುವ ಇಬ್ಬರೂ ಇಂಥವರಾಗಿದ್ದರೆ 1969ರ ಅಧಿನಿಯಮವು ಅವರಿಗೆ ಅನ್ವಯಿಸುವುದಿಲ್ಲ. ಇನ್ನು ಭಾರತಕ್ಕೆ ಬಂದು ಇಲ್ಲಿಯೇ ವಿವಾಹವಾಗಬಯಸುವ ವಿದೇಶೀಯರಿಗೆ ವಿಶೇಷ ವಿವಾಹ ಅಧಿನಿಯಮ, 1954ರ ಮಾರ್ಗವಿದೆ. ಅದರಲ್ಲಿಯೂ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು.

ಭಾರತೀಯ ಪ್ರಜೆಯ ವಿದೇಶೀ ಸಂಗಾತಿಯು ಓಸಿಐ ಕಾರ್ಡಿಗೆ ಅರ್ಜಿ ಹಾಕಬೇಕಾದರೆ, ವಿವಾಹವು ನೋಂದಣಿಯಾಗಿರಬೇಕು ಮತ್ತು ಅರ್ಜಿಗೆ ನಿಕಟಪೂರ್ವದಲ್ಲಿ ನಿರಂತರವಾಗಿ 2 ವರ್ಷಗಳ ಕಾಲ ಊರ್ಜಿತದಲ್ಲಿರಬೇಕು ಎಂದು ಪೌರತ್ವ ಅಧಿನಿಯಮವು ವಿಧಿಸುತ್ತದೆ. ಮುಂದೆ ಭಾರತದಲ್ಲಿ ಸಂಸಾರ ಹೂಡಬಯಸುವವರಿಗೆ ಇದು ಮುಖ್ಯವಾದ ಸಂಗತಿ.

ದಾಖಲೆಗಳ ಸಿದ್ಧತೆ

ಭಾರತದ ಜನನ ಪ್ರಮಾಣಪತ್ರ, ಅವಿವಾಹಿತ ಸ್ಥಿತಿಯ ಪ್ರಮಾಣಪತ್ರ ಮುಂತಾದವನ್ನು ಅನೇಕ ದೇಶಗಳಲ್ಲಿ ಯಥಾವತ್ತಾಗಿ ಸ್ವೀಕರಿಸುವುದಿಲ್ಲ. ಅವುಗಳಿಗೆ ಅಪಾಸ್ಟಿಲ್ ಎಂಬ ದೃಢೀಕರಣ ಬೇಕು. 1961ರ ಹೇಗ್ ಒಪ್ಪಂದದ ಈ ವ್ಯವಸ್ಥೆಯು ಭಾರತದ ಮಟ್ಟಿಗೆ 2005ರ ಜುಲೈ 14ರಿಂದ ಜಾರಿಯಲ್ಲಿದೆ. ಮೊದಲು ರಾಜ್ಯ ಸರ್ಕಾರದ ನಿಯುಕ್ತ ಅಧಿಕಾರಿಯಿಂದ ದೃಢೀಕರಣ, ತದನಂತರ ವಿದೇಶಾಂಗ ಮಂತ್ರಾಲಯದಿಂದ ಅಪಾಸ್ಟಿಲ್ ಎಂಬುದು ಕ್ರಮ. ದೆಹಲಿಯಲ್ಲಷ್ಟೇ ಅಲ್ಲದೆ ಮುಂಬಯಿ, ಚೆನ್ನೈ, ಹೈದರಾಬಾದ್, ಬೆಂಗಳೂರುಗಳಲ್ಲಿಯೂ ಈ ಸೌಲಭ್ಯವಿದೆ. ಪಾಸ್‌ಪೋರ್ಟ್, ಜನನ ಪತ್ರ, ಅಂಕಪಟ್ಟಿಗಳಲ್ಲಿ ಹೆಸರಿನ ಅಕ್ಷರಗಳು ಒಂದೇ ರೀತಿಯಲ್ಲಿರಬೇಕು. ತಂದೆಯ ಹೆಸರು, ಊರಿನ ಹೆಸರು ಇವನ್ನು ಒಂದೆಡೆ ಇನಿಷಿಯಲ್ ಆಗಿ, ಮತ್ತೊಂದೆಡೆ ಪೂರ್ಣವಾಗಿ ಬರೆದಿರುವುದು ಕನ್ನಡಿಗರಲ್ಲಿ ಸಾಮಾನ್ಯ. ಪ್ರಯಾಣಕ್ಕೆ ಮುನ್ನವೇ ಇವನ್ನು ಸರಿಪಡಿಸಿಕೊಳ್ಳುವುದು ಲೇಸು.

ನೋಂದಣಿಯ ಮಹತ್ವ

ಎಲ್ಲ ಧರ್ಮಗಳ ಭಾರತೀಯ ಪ್ರಜೆಗಳ ವಿವಾಹಗಳನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ನಿರ್ದೇಶಿಸಿತು. ಅನಿವಾಸಿ ಭಾರತೀಯರು ಮತ್ತು ಓಸಿಐ ಕಾರ್ಡುದಾರರು ಭಾರತೀಯ ಪ್ರಜೆಗಳೊಂದಿಗೆ ಮಾಡಿಕೊಳ್ಳುವ ವಿವಾಹಗಳ ನೋಂದಣಿಯನ್ನು ಕಡ್ಡಾಯಗೊಳಿಸಬೇಕೆಂದು ಕಾನೂನು ಆಯೋಗವು 2024ರ ಫೆಬ್ರವರಿಯಲ್ಲಿ ಸಲ್ಲಿಸಿದ ತನ್ನ 287ನೆಯ ವರದಿಯಲ್ಲಿ ಶಿಫಾರಸು ಮಾಡಿದೆ. ಪತಿಯಿಂದ ಪರಿತ್ಯಕ್ತಳಾದ ಪತ್ನಿಯು ನ್ಯಾಯಾಲಯದ ಮೆಟ್ಟಿಲೇರಿದಾಗ ಅವಳು ಮೊದಲು ತೋರಿಸಬೇಕಾದುದು ವಿವಾಹ ನಡೆದಿದೆ ಎಂಬುದನ್ನು. ಫೋಟೋಗಳು, ಆಮಂತ್ರಣ ಪತ್ರಿಕೆ, ಬಂಧುಗಳ ಹೇಳಿಕೆ ಇವು ನೆರವಾಗಬಹುದಾದರೂ ಅಧಿಕೃತ ಪ್ರಮಾಣಪತ್ರಕ್ಕೆ ಸಮನಾಗಲಾರವು.

ಆದುದರಿಂದ ಅನುಸರಿಸಬೇಕಾದ ಕ್ರಮ ಹೀಗಿದೆ: ಭಾರತದಿಂದ ಹೊರಡುವ ಮುನ್ನ ದಾಖಲೆಗಳನ್ನು ದೃಢೀಕರಿಸಿಕೊಳ್ಳುವುದು, ಸರಿಯಾದ ವೀಸಾ ಪಡೆಯುವುದು, ಸ್ಥಳೀಯ ಕಾನೂನಿನಂತೆ ಸೂಚನೆ ನೀಡಿ ವಿವಾಹವಾಗಿ, ಅಲ್ಲಿನ ಪ್ರಮಾಣಪತ್ರ ಪಡೆಯುವುದು, ಬಳಿಕ ಭಾರತೀಯ ದೂತಾವಾಸದಲ್ಲಿ ಅದನ್ನು ನೋಂದಾಯಿಸುವುದು. ಶುಲ್ಕ ಮತ್ತು ನಮೂನೆಗಳು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಅವುಗಳ ವಿವರವನ್ನು ಸಂಬಂಧಪಟ್ಟ ದೂತಾವಾಸದಿಂದಲೇ ತಿಳಿದುಕೊಳ್ಳಬೇಕು. ದೃಢೀಕೃತ ಪ್ರತಿಗಳ ಒಂದು ಕಟ್ಟನ್ನು ಪತಿ ಪತ್ನಿಯರು ತಮ್ಮಲ್ಲಿ ಇಟ್ಟುಕೊಂಡು, ಮತ್ತೊಂದನ್ನು ಭಾರತದಲ್ಲಿರುವ ತಂದೆತಾಯಿಗಳ ವಶದಲ್ಲಿ ಇರಿಸುವುದು ಉಚಿತ.