ಕಪಾಟು ತುಂಬಿದೆ, ಓದು ನಿಂತಿದೆ

ಪ್ರಶ್ನೆ: ನಾನು ನವಲಗುಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಧಾರವಾಡಕ್ಕೆ ಹೋದಾಗಲೆಲ್ಲ ಪುಸ್ತಕ ತರುತ್ತೇನೆ. ಮನೋಹರ ಗ್ರಂಥಮಾಲೆಯ ಚಂದಾದಾರಳೂ ಹೌದು. ಓದದೆ ಉಳಿದವೇ 200 ದಾಟಿವೆ. ಒಂದನ್ನು ಹಿಡಿದರೆ ಮನಸ್ಸು ಇನ್ನೊಂದರ ಮೇಲೆ. ಕೊನೆಗೆ ಮೊಬೈಲ್ ನೋಡುತ್ತ ಮಲಗುತ್ತೇನೆ. ‘ಓದಂಗಿಲ್ಲ, ಮತ್ಯಾಕ ತರ್ತಿ?’ ಎಂದು ಯಜಮಾನರು ತಮಾಷೆ ಮಾಡಿದರೂ ನನಗೆ ಅಳು ಬರುತ್ತದೆ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಅಕ್ಕೋರೇ, ನಿಮ್ಮ ಅಳುವನ್ನು ಸಣ್ಣದೆಂದು ತಳ್ಳಿಹಾಕಬೇಡಿ. ಶಾಲೆ, ಅಡುಗೆ, ಹೊಲಮನೆ ಎಲ್ಲ ಮುಗಿದ ಮೇಲೆ ನಿಮಗೆಂದು ಉಳಿಯುವುದು ಒಂದಿಷ್ಟೇ ಹೊತ್ತು. ಅದೂ ಕೈಜಾರಿದಾಗ ಕಪಾಟು ಎದುರಿಗೆ ನಿಂತು ಲೆಕ್ಕ ಕೇಳಿದಂತಾಗುತ್ತದೆ. ಓದಿನ ಮೇಲೆ ಪ್ರೀತಿ ಇಲ್ಲದವರಿಗೆ ಈ ಸಂಕಟ ಬರುವುದಿಲ್ಲ. ಇದೇ ಸಂಕಟದಲ್ಲಿರುವ ಇನ್ನೂ ಹಲವರು ಇದನ್ನು ಓದುತ್ತಿರುತ್ತಾರೆ.

ನಿಮ್ಮ ಸೀಮೆಯ ಹಿರಿಯರು ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದರು. ‘ಇನ್ನೂ ಉಂಡು ಮುಗಿಸಿಲ್ಲವಲ್ಲ’ ಎಂದು ಯಾರೂ ನಾಚಿಕೊಳ್ಳುತ್ತಿರಲಿಲ್ಲ. ಬೇಕಾದಷ್ಟು ತೆಗೆದು ಬೀಸಿಕೊಳ್ಳುತ್ತಿದ್ದರು. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಗ್ರಂಥಮಾಲೆಯೂ, ಬಂದ ವರ್ಷವೇ ಓದಿ ಮುಗಿಸಿ ಎಂದು ಚಂದಾದಾರರಿಗೆ ಕರಾರು ಹಾಕಿಲ್ಲ. ಆ ಕರಾರು ನೀವೇ ಹಾಕಿಕೊಂಡದ್ದು, ಸಡಿಲಿಸುವ ಅಧಿಕಾರವೂ ನಿಮ್ಮದೇ. ತಿಂಗಳಿಗೊಂದರಂತೆ ಓದಿದರೂ 200 ಪುಸ್ತಕಕ್ಕೆ 16 ವರ್ಷ ಮೀರುತ್ತದೆ. ಎಲ್ಲವನ್ನೂ ಮುಗಿಸುವ ಹಟ ಬಿಟ್ಟರೆ, ಮುಂದಿನ ಒಂದನ್ನು ಆರಿಸುವುದು ಹಗುರಾಗುತ್ತದೆ.

ಮೊದಲು, ರಜೆಯ ದಿನ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ. ಈಗ ಓದಬೇಕೆನಿಸುವ ಐದನ್ನು ಮಾತ್ರ ಕೈಗೆ ಸಿಗುವಲ್ಲಿಡಿ. ಉಳಿದವು ಒಳಗಿರಲಿ. ಇನ್ನು ಓದುವುದೇ ಇಲ್ಲ ಎನಿಸಿದವನ್ನು ಶಾಲೆಯ ಓದುವ ಮೂಲೆಗೋ ಗ್ರಾಮ ಪಂಚಾಯಿತಿಯ ‘ಅರಿವು ಕೇಂದ್ರ’ಕ್ಕೋ ಕೊಡಬಹುದು, ಮೊದಲು ಅಲ್ಲಿಯವರನ್ನು ಕೇಳಿ. ಪ್ರತಿ ಪುಸ್ತಕಕ್ಕೂ ಅದರದೇ ಓದುಗರು ಇರುತ್ತಾರೆ ಎಂದು ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ 1931ರಲ್ಲೇ ಸೂತ್ರವಾಗಿ ಬರೆದಿಟ್ಟಿದ್ದಾರೆ. ಆ ಓದುಗರು ನೀವೇ ಆಗಿರಬೇಕೆಂದಿಲ್ಲ.

ಎರಡನೆಯದು ಆಯ್ಕೆ. ಐದರಲ್ಲೂ ಹತ್ತು ಹತ್ತು ಪುಟ ಓದಿ. ಕೆಳಗಿಡಲು ಮನಸ್ಸಾಗದ್ದೇ ಮುಂದಿನ ಪುಸ್ತಕ. ಓದು ನಿಂತು ಬಹಳ ದಿನವಾಗಿದ್ದರೆ 700 ಪುಟ ಮೀರುವ ‘ಮಲೆಗಳಲ್ಲಿ ಮದುಮಗಳು’ ಸದ್ಯಕ್ಕೆ ಕಾಯಲಿ. ತೇಜಸ್ವಿಯವರ ‘ಕರ್ವಾಲೊ’ದಂಥ ತೆಳ್ಳನೆಯದು, ಅಥವಾ ನಿಮ್ಮ ಕಡೆಯ ಮಾತೇ ಕಿವಿಗೆ ಬೀಳುವ ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ ಓದಿನ ರೂಢಿಯನ್ನು ಮರಳಿ ತಂದೀತು. ಐವತ್ತು ಪುಟವಾದರೂ ರುಚಿ ಹತ್ತದಿದ್ದರೆ ಮುಚ್ಚಿಡಿ. ಅದು ಸೋಲಲ್ಲ.

ಮೂರನೆಯದು ಹೊತ್ತು. ರಾತ್ರಿ ಇಪ್ಪತ್ತು ನಿಮಿಷ ಸಾಕು, ಆ ಹೊತ್ತು ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಹೊಲದಲ್ಲಿ ಹೆಸರು ಬಿಡಿಸುವ ದಿನಗಳಲ್ಲಿ, ಪರೀಕ್ಷೆಯ ತಿಂಗಳಲ್ಲಿ ಕಾದಂಬರಿ ಬೇಡ. ನಾಲ್ಕು ವಚನ ಅಥವಾ ಒಂದು ಸಣ್ಣ ಕಥೆ ಓದಿದರೂ ಅದು ಓದೇ.

ಪುಸ್ತಕ ಕೊಳ್ಳುವುದನ್ನು ಪೂರ್ತಿ ನಿಲ್ಲಿಸಿ ಎನ್ನುವುದಿಲ್ಲ. ಆದರೆ ಆ ವಾರವೇ ಶುರುಮಾಡುವಂಥದ್ದನ್ನು ಮಾತ್ರ ತನ್ನಿ. ಯಜಮಾನರಿಗೂ ‘ಈ ಮಾತು ನನಗ ನೋವಾಗ್ತದ್ರೀ’ ಎಂದು ನೇರವಾಗಿ ಹೇಳಿ. ಅವರಿಗೆ ಬಹುಶಃ ಅದು ಗೊತ್ತೇ ಇಲ್ಲ.

ಇನ್ನೊಂದು ವಿಷಯ. ಓದಷ್ಟೇ ಅಲ್ಲದೆ, ಹಿಂದೆ ಖುಷಿ ಕೊಡುತ್ತಿದ್ದ ಯಾವುದೂ ಬೇಡವೆನಿಸುತ್ತಿದೆಯೇ? ನಿದ್ದೆ, ಊಟ ಕೆಟ್ಟಿವೆಯೇ? ಮತ್ತೆ ಮತ್ತೆ ಅಳು ಬರುತ್ತಿದೆಯೇ? ಎರಡು ವಾರ ಹೀಗೇ ಮುಂದುವರಿದರೆ ಪುಸ್ತಕದ ಉಪಾಯಗಳು ಸಾಲವು. ಟೆಲಿ ಮನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವೈದ್ಯರನ್ನು ಕಾಣಿ. ಅಂಥದ್ದೇನೂ ಇಲ್ಲವಾದರೆ, ಬರುವ ಭಾನುವಾರ ಐದು ಪುಸ್ತಕ ಆರಿಸಿಕೊಳ್ಳಿ. ಉಳಿದವುಗಳ ಎಣಿಕೆಯನ್ನು ಅಂದಿಗೇ ನಿಲ್ಲಿಸಿ.